ಎಂಟನೇ ಪಾತಿ

ಎನ್.ಆರ್. ಕಾಲೋನಿ
12 ಫೆಬ್ರವರಿ 2025

ಮಗಳಂಥ ವಾಣಿಗೆ,

ನಿನ್ನ ಅಂಡಮಾನಿನ ದ್ವೀಪಕ್ಕೆ ಫೋನು ಮುಟ್ಟುವುದಿಲ್ಲ, ಕಾಗದವಾದರೆ ದೋಣಿಯಲ್ಲಿ ಬರುತ್ತದೆ ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ಸಹಿಸಿಕೋ. ಕಾಗದ ನೋಡಿ ಗಾಬರಿಯಾಗಬೇಡ, ಯಾರ ಮದುವೆಯೂ ಇಲ್ಲ. ನಮ್ಮ ಯಜಮಾನರು ಸುಲ್ತಾನ್‌ಪೇಟೆಯ ಅಂಗಡಿಯಿಂದ ತಪ್ಪು ಅಚ್ಚಾದ ಲಗ್ನಪತ್ರಿಕೆ ತರುತ್ತಾರೆ, ಹಿಂದುಗಡೆ ಖಾಲಿ. ಇದರಲ್ಲಿ ವರನ ಅಪ್ಪನ ಹೆಸರು ಎರಡು ಸಲ ಬಿದ್ದಿದೆ.

ಗುಡಿಯ ತೋಟದಲ್ಲಿ ನೀನು ಪರೀಕ್ಷೆಗೆ ಹಾಕಿದ ಎಂಟು ಪಾತಿಯ ಎಲೆಯನ್ನು ಶನಿವಾರ ತೂಗಬೇಕಿತ್ತು. ಅವತ್ತು ಏಕಾದಶಿ, ತುಳಸಿ ಕೊಯ್ಯುವಂತಿಲ್ಲ. ಭಾನುವಾರ ದ್ವಾದಶಿ, ಅವತ್ತೂ ಇಲ್ಲ. ಸೋಮವಾರ ಸ್ನಾನ ಮಾಡಿ ಕೊಯ್ದು ತೂಗಿದೆ. ನೀನು ಹೇಳಿಕೊಟ್ಟ ಹಾಗೆ ಬರೆಯುತ್ತೇನೆ. ಬರೀ ತುಳಸಿ ಹಾಕಿದ ನಾಲ್ಕು ಪಾತಿಯಲ್ಲಿ ಬಲೆ ಇಲ್ಲದ ಒಂದು, ಎರಡು: ಆರುನೂರ ನಲವತ್ತು ಗ್ರಾಂ, ಆರುನೂರ ಹತ್ತು. ಬಲೆ ಹಾಕಿದ ಮೂರು, ನಾಲ್ಕು: ಆರುನೂರ ಇಪ್ಪತ್ತು, ಆರುನೂರ ಮೂವತ್ತೈದು. ಹನ್ನೆರಡು ಬಗೆ ಕಲಸಿ ಹಾಕಿದ ಪಾತಿಯಲ್ಲಿ ಬಲೆ ಇಲ್ಲದ ಐದು, ಆರು: ಸಾವಿರದ ನೂರ ಎಂಬತ್ತು, ಸಾವಿರದ ಇನ್ನೂರ ಹತ್ತು. ಬಲೆ ಇರುವ ಏಳು: ಸಾವಿರದ ನೂರ ತೊಂಬತ್ತು. ನಾಗರಕಲ್ಲಿನ ಪಕ್ಕದ ಎಂಟು, ಅದಕ್ಕೂ ಬಲೆ ಇದೆ: ಐನೂರ ನಲವತ್ತು. ಅದು ಯಾಕೋ ಏಳಿಗೆಯಾಗುತ್ತಿಲ್ಲ.

ಒಂದು ಸಂಗತಿ. ನಮ್ಮ ಗುಡಿಯ ಕಾರ್ಯದರ್ಶಿ ಚಕ್ರಪಾಣಿಯವರು ಮೊನ್ನೆ ತೋಟಕ್ಕೆ ಬಂದು, "ಶಿವಕುಮಾರಮ್ಮ, ಇಷ್ಟು ಜಾಗ ಇಟ್ಕೊಂಡು ಹುಳ ತಿಂದ ಪತ್ರೆ ಕೊಡ್ತೀರಿ. ಗಾಂಧಿ ಬಜಾರಲ್ಲಿ ಕಟ್ಟು ಕಟ್ಟಿ ಕೊಡ್ತಾರೆ. ಇಲ್ಲಿ ಗಾರೆ ಹಾಕಿದ್ರೆ ನೂರು ಜನ ಊಟಕ್ಕೆ ಕೂರ್ಬಹುದು" ಎಂದರು. ನಾನು ಇಪ್ಪತ್ತೆರಡು ವರ್ಷ ನೀರು ಹಾಕಿದ ಮಣ್ಣು ಅದು. ಕೊನೆಗೆ ಒಂದು ಮಾತಿಗೆ ಒಪ್ಪಿದರು. ಈ ಚೌತಿಗೆ ಗಣಪನ ಇಪ್ಪತ್ತೊಂದು ಬಗೆ ಪತ್ರೆಯೂ ತೋಟದಿಂದಲೇ, ಹುಳ ಮುಟ್ಟದ ಹಾಗೆ ಬರಬೇಕು. ಬಂದರೆ ತೋಟ, ಇಲ್ಲದಿದ್ದರೆ ಊಟದ ಶೆಡ್ಡು.

ಕಾರ್ತಿಕದಲ್ಲಿ, ನೀನು ಬಲೆ ಕಟ್ಟಿ ಹೋದ ಮೇಲೆ, ಒಂದು ಪುಟ್ಟ ಹಕ್ಕಿ, ಸೂರಕ್ಕಿ, ಅದರಲ್ಲಿ ಸಿಕ್ಕಿಕೊಂಡಿತ್ತು. ಅದಿರಲಿ. ಬಲೆಯೆಲ್ಲ ನೀನು ನೆಟ್ಟ ಕಂಬಕ್ಕೇ ಇದೆ.

ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಅಕ್ಕ,
ಶಿವಕುಮಾರಿ


ಉತ್ತರ ಅಂಡಮಾನ್
6 ಮಾರ್ಚ್ 2025

ಪ್ರೀತಿಯ ಅಕ್ಕ,

ಲಗ್ನಪತ್ರಿಕೆ ಕಂಡು ನಮ್ಮ ಕ್ಯಾಂಪಿನಲ್ಲಿ ಎಲ್ಲರೂ ನನಗೆ ಶುಭಾಶಯ ಹೇಳಿದರು. ನಿಮ್ಮ ಲೆಕ್ಕ ಬಂದ ದಿನ ನನಗೆ ಹಬ್ಬ.

ಹನ್ನೆರಡು ಬಗೆಯ ಪಾತಿ ತುಳಸಿಯೊಂದರ ಪಾತಿಗಿಂತ ಸುಮಾರು ಎರಡರಷ್ಟು ಎಲೆ ಕೊಡುತ್ತಿದೆ, ನೋಡಿದಿರಾ? ಗರಿಕೆ ಮೇಲ್ಮಣ್ಣಿನಲ್ಲಿ ಉಣ್ಣುತ್ತದೆ, ಎಕ್ಕದ ಬೇರು ಆಳಕ್ಕೆ ಹೋಗುತ್ತದೆ, ಮರುಗ ನೆರಳಿನಲ್ಲೂ ಬದುಕುತ್ತದೆ. ಪಂಕ್ತಿಯಲ್ಲಿ ಕೂತವರು ಒಬ್ಬರ ಎಲೆಗೆ ಇನ್ನೊಬ್ಬರು ಕೈ ಹಾಕದ ಹಾಗೆ. ಅದು ನಾನು ಎಣಿಸಿದಂತೆಯೇ ಇದೆ.

ಎಣಿಸದೇ ಇದ್ದದ್ದು ಬಲೆಯದು. ಬಲೆಯೊಳಗೆ ಪತಂಗ, ನೊಣ ಹೋಗುತ್ತವೆ. ಹಕ್ಕಿ, ಓತಿಕ್ಯಾತ ಹೋಗುವುದಿಲ್ಲ. ಹುಳ ತಿನ್ನುವವರು ಹೊರಗುಳಿದರೆ ಹುಳ ಹೆಚ್ಚಿ ಎಲೆ ಕಡಿಮೆಯಾಗಬೇಕಿತ್ತು. ನಿಮ್ಮ ಲೆಕ್ಕದಲ್ಲಿ ಬಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಂಟನೆಯದೊಂದನ್ನು ಬಿಟ್ಟು. ಏಳು, ಎಂಟು ಅವಳಿ ಪಾತಿಗಳು. ಒಂದು ಸಾವಿರದ ನೂರು ದಾಟಿ, ಇನ್ನೊಂದು ಐನೂರಕ್ಕೆ ನಿಲ್ಲಲು ಕಾರಣವಿಲ್ಲ. ತೂಗುವಾಗ ಏನೋ ತಪ್ಪಿರಬೇಕು. ತಕ್ಕಡಿಯನ್ನು ಒಮ್ಮೆ ನೋಡಿಸುತ್ತೀರಾ? ಏಪ್ರಿಲ್ ಎರಡನೇ ವಾರ ನಾನು ವರದಿ ಕಳಿಸಬೇಕು. ಅದು ಸರಿಹೋದರೆ ನನ್ನ ಕೆಲಸ ಇನ್ನೆರಡು ವರ್ಷ ಮುಂದುವರಿಯುತ್ತದೆ.

ಸೂರಕ್ಕಿಯನ್ನು ಬಿಡಿಸಿ ಹಾರಿಬಿಟ್ಟಿರಲ್ಲ? ನಿಮ್ಮ ಕೈಗೆ ಸಿಕ್ಕಿದ್ದು ಅದರ ಪುಣ್ಯ.

ನಿಮ್ಮ ವಾಣಿ


ಎನ್.ಆರ್. ಕಾಲೋನಿ
24 ಮಾರ್ಚ್ 2025

ವಾಣಿ,

ತಕ್ಕಡಿ ನೋಡಿಸಿದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಕ್ಕಿಪೇಟೆಗೆ ಹೋದೆ, ನಮ್ಮೂರ ಕಡೆಯವರ ಅಂಗಡಿ ಒಂದಿದೆ. ಅವರ ತೂಕದ ಬಟ್ಟು ಇಟ್ಟು ತೂಗಿದೆವು. ಒಂದು ಗ್ರಾಂ ಆಚೆ ಇಲ್ಲ, ಈಚೆ ಇಲ್ಲ. ಅಂಗಡಿಯವರು, "ಅಕ್ಕ, ಇದನ್ನ ನಮಗೇ ಕೊಟ್ಬಿಡಿ, ನಮ್ದೇ ಸುಳ್ಳು ಹೇಳ್ತದೆ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನಮ್ಮಪ್ಪ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ತೂಗಿಸುತ್ತಿದ್ದ ಮನುಷ್ಯ. ತೂಕ ತಪ್ಪು ಎನ್ನಿಸಿಕೊಂಡು ನಮಗೆ ಅಭ್ಯಾಸವಿಲ್ಲ. ನೀನು ಓದಿದವಳು, ಬೇಸರಪಡಿಸಲು ಬರೆದದ್ದಲ್ಲ ಎಂದು ಗೊತ್ತು. ಆದರೂ ಹೇಳಿದೆ.

ಈ ಸಲದ್ದನ್ನು ಇನ್ನೊಂದು ಪತ್ರಿಕೆಯ ಹಿಂದೆ ಬರೆದಿದ್ದೇನೆ. ಎಂಟು: ಐನೂರ ಹತ್ತು. ಎರಡು ಸಲ ತೂಗಿದೆ.

ಶಿವಕುಮಾರಿ


ಉತ್ತರ ಅಂಡಮಾನ್
17 ಏಪ್ರಿಲ್ 2025

ಪ್ರೀತಿಯ ಅಕ್ಕ,

ಬೇಜಾರು ಮಾಡಿಕೊಂಡಿರಿ ಎಂದು ಗೊತ್ತಾಯಿತು. ಕಾಗದದಲ್ಲಿ ಮಗಳಂಥ ಎಂದೂ ಇರಲಿಲ್ಲ, ಊಟ ಮಾಡು ಎಂಬ ಮಾತೂ ಇರಲಿಲ್ಲ. ತಪ್ಪು ನಿಮ್ಮದೆನ್ನಲಿಲ್ಲ. ಆ ಮೂಲೆಯ ಮಣ್ಣೇ ಸರಿ ಇಲ್ಲದಿರಬಹುದು. ಎಂಟನ್ನು ಲೆಕ್ಕದಿಂದ ತೆಗೆದು ವರದಿ ಕಳಿಸಿಬಿಟ್ಟೆ. ಹನ್ನೆರಡು ಬಗೆ ಕೂಡಿದ್ದರೆ ಸಾಕು, ಹಕ್ಕಿ, ಓತಿಕ್ಯಾತ ಬರಲಿ ಬಿಡಲಿ, ಪಾತಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬುದು ಅದರ ಸಾರ. ನಮ್ಮ ಮೇಷ್ಟ್ರು ಮೆಚ್ಚಿದರು.

ಚಕ್ರಪಾಣಿಯವರಿಗೂ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಕಳಿಸಿದ್ದೇನೆ. ಜಾಗ ಕೊಟ್ಟವರು ಅವರು, ಫಲ ಏನಾಯಿತೆಂದು ತಿಳಿಸಬೇಕಲ್ಲ. ತೋಟ ಉಳಿಸಲು ಅದರಿಂದ ನಿಮಗೂ ಬಲ ಬರಲಿ.

ನಿಮ್ಮ ವಾಣಿ


ಎನ್.ಆರ್. ಕಾಲೋನಿ
19 ಮೇ 2025

ವಾಣಿ ತಾಯಿ,

ಇದನ್ನು ಕೂತು ಓದು.

ನಿನ್ನ ಆ ಒಂದು ಪುಟವನ್ನು ಚಕ್ರಪಾಣಿಯವರು ಶನಿವಾರ ಮಂಗಳಾರತಿಯಾದ ಮೇಲೆ ಕಮಿಟಿಯವರ ಮುಂದೆ ಗಟ್ಟಿಯಾಗಿ ಓದಿದರು. ಓದಿ, ಕನ್ನಡಕ ತೆಗೆದು, "ನೋಡಿ, ಸೈನ್ಸ್ ಓದಿದ ಹುಡುಗೀನೇ ಬರ್ದಿದಾಳೆ. ಹಕ್ಕಿ ಬಂದ್ರೂ ಒಂದೇ, ಬರ್ದಿದ್ರೂ ಒಂದೇ. ಹಂಗಾದ್ರೆ ಪಾರಿವಾಳದ ಹಿಕ್ಕೆ ಬಿದ್ದ ಪತ್ರೆ ದೇವರಿಗೆ ಯಾಕೆ? ಇಡೀ ತೋಟಕ್ಕೆ ಬಲೆ ಹೊದಿಸ್ಬಿಡೋಣ" ಎಂದರು. ನಾನು ಕಸಬರಿಗೆ ಹಿಡಿದು ನಿಂತಿದ್ದೆ. "ಬೇಡ ಸ್ವಾಮಿ" ಎಂದೆ. "ಯಾಕೆ? ವಾಣಿಯವರಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದು ಕೇಳಿದರು. ಗೊತ್ತಿತ್ತು, ಹೇಳಲಿಲ್ಲ. ನಿನಗೆ ಮೊದಲು ಹೇಳಬೇಕು ಎನ್ನಿಸಿತು.

ಆ ಸೂರಕ್ಕಿ ಹಾರಿಹೋಗಲಿಲ್ಲ. ಕಾರ್ತಿಕ ಸೋಮವಾರ ಬೆಳಗ್ಗೆ ದೀಪ ಹಚ್ಚಿ ತೋಟಕ್ಕೆ ಬಂದೆ. ಏಳನೇ ಪಾತಿಯ ಬಲೆಯಲ್ಲಿ ಕತ್ತು ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಮೈ ಇನ್ನೂ ಬಿಸಿ. ಬಿಡಿಸುವಷ್ಟರಲ್ಲಿ ಹೋಯಿತು. ಪಾರಿಜಾತದ ಬುಡದಲ್ಲಿ ಮಣ್ಣು ಮಾಡಿ, ತಣ್ಣೀರು ಸುರಿದುಕೊಂಡು, ಗಣಪನ ಮುಂದೆ ಕೂತರೆ ಅವನ ಮುಖ ನೋಡಲಾಗಲಿಲ್ಲ. ದೇವರ ತೋಟದಲ್ಲಿ, ನಾನು ಕಾಯುವ ಜಾಗದಲ್ಲಿ ಒಂದು ಜೀವ. ಯಜಮಾನರು ಲಗ್ನಪತ್ರಿಕೆಯ ರಿಬ್ಬನ್ನು ಕತ್ತರಿಸುವ ಕತ್ತರಿ ಮನೆಯಲ್ಲಿತ್ತು. ಅದನ್ನು ತಂದು ಮೂರು, ನಾಲ್ಕು, ಏಳು, ಈ ಮೂರು ಬಲೆಗೂ ಬುಡದಲ್ಲಿ ಗೋಡೆಯ ಕಡೆ ಎರಡೆರಡು ಗೇಣು ಬಾಗಿಲು ಮಾಡಿದೆ. ಒಳಗೆ ಹೋದ ಹಕ್ಕಿ ಹೊರಗೆ ಬರುವುದಕ್ಕೆ ಒಂದು ಗೇಣು, ಸಾಲದಿದ್ದರೆ ಇನ್ನೊಂದು. ಜನರಿಗೆ ಕಾಣದ ಹಾಗೆ ಸ್ವಲ್ಪ ಮುಂದೆ ಹೂಕುಂಡ ಇಟ್ಟೆ. ಅವತ್ತಿನಿಂದ ಸಿಂಪಿಗ ಹಕ್ಕಿ, ಓತಿಕ್ಯಾತ ಎಲ್ಲ ಒಳಗೆ ಹೋಗಿ ಬರುತ್ತಿವೆ. ನಾನು ತೂಕದಲ್ಲಿ ಸುಳ್ಳು ಬರೆಯಲಿಲ್ಲ ತಾಯಿ. ಬಲೆಯ ವಿಷಯ ಬರೆಯಲಿಲ್ಲ.

ಎಂಟರ ಬಲೆ ಕತ್ತರಿಸಲಿಲ್ಲ. ನೀನು ಅದರ ಹಗ್ಗವನ್ನು ನಾಗರಕಲ್ಲಿನ ಕಟ್ಟೆಗೆ ಕಟ್ಟಿದ್ದೀಯ. ನಾಗಪ್ಪನ ಹತ್ತಿರ ಕಬ್ಬಿಣ ಆಡಿಸಬಾರದು. ಅದಕ್ಕೇ ಕೈ ಹೋಗಲಿಲ್ಲ. ನೀನು ಹೇಳಿದಂತೆ ಇರುವ ಬಲೆ ಅದೊಂದೇ. ನೀನು ಲೆಕ್ಕದಿಂದ ತೆಗೆದದ್ದೂ ಅದನ್ನೇ.

ನಾನು ರೇಷ್ಮೆ ಊರಿನವಳು. ನಮ್ಮಪ್ಪ ಹುಳದ ಮನೆಯ ಕಿಟಕಿಗೆ ಬಲೆ ಹೊಡೆಯುತ್ತಿದ್ದ, ಊಜಿ ನೊಣ ಬಂದು ಹುಳ ಕೊಲ್ಲಬಾರದು ಎಂದು. ಬಲೆ ಕಟ್ಟಿದರೆ ಹುಳಕ್ಕೆ ಸುಖ ಎಂದು ನನಗೆ ಹೊಳೆಯಬೇಕಿತ್ತು. ಎಂಟರೊಳಗೆ ಈಗ ಮರುಗದಲ್ಲಿ ನರ ಮಾತ್ರ ಉಳಿದಿದೆ, ಎಕ್ಕದ ಮೇಲೆ ಪಟ್ಟೆಪಟ್ಟೆ ಹುಳ ಸಾಲು ಕೂತಿವೆ. ಹನ್ನೆರಡು ಬಗೆ ಇದ್ದರೇನು? ನೀನು ಪಂಕ್ತಿ ಎಂದೆಯಲ್ಲ. ಪಂಕ್ತಿ ಎಷ್ಟು ಉದ್ದವಿದ್ದರೂ ನಾಯಿ ನುಗ್ಗದ ಹಾಗೆ ಬಾಗಿಲಲ್ಲಿ ಕೋಲು ಹಿಡಿದು ಒಬ್ಬ ಕೂರಬೇಕು.

ಇಡೀ ತೋಟಕ್ಕೆ ಬಲೆ ಬಿದ್ದರೆ ಇಪ್ಪತ್ತೊಂದು ಪತ್ರೆ ಬರುವುದಿಲ್ಲ. ಚಕ್ರಪಾಣಿಯವರಿಗೆ ನಿಜ ಹೇಳಿದರೆ ನಿನ್ನ ವರದಿ ಸುಳ್ಳಾಗುತ್ತದೆ, ನಿನ್ನ ಎರಡು ವರ್ಷ ಹೋಗುತ್ತದೆ. ಹೇಳಲೋ ಬೇಡವೋ, ನೀನೇ ತಿಳಿಸು.

ಶಿವಕುಮಾರಿ


ಎನ್.ಆರ್. ಕಾಲೋನಿ
16 ಜೂನ್ 2025

ವಾಣಿ,

ದೋಣಿ ತಡವೋ, ನಿನಗೆ ಸಿಟ್ಟೋ ತಿಳಿಯದು. ಬಲೆ ಹೊದಿಸಿ ಹನ್ನೊಂದು ದಿನವಾಯಿತು. ತೋಟದಲ್ಲಿ ಸದ್ದಿಲ್ಲ. ಸಿಂಪಿಗ ಹಕ್ಕಿ ಕಾಂಪೌಂಡಿನ ಮೇಲೆ ಕೂತು ನನ್ನನ್ನೇ ನೋಡುತ್ತದೆ. ಮಾಚಿಪತ್ರೆಗೆ ಹುಳ ಹತ್ತಿದೆ.

ಬೈಯುವುದಾದರೂ ಎರಡು ಸಾಲು ಬರೆ.

ಶಿವಕುಮಾರಿ


ಎನ್.ಆರ್. ಕಾಲೋನಿ
14 ಜುಲೈ 2025

ವಾಣಿ,

ನಿನ್ನ ಅಪ್ಪಣೆಗೆ ಕಾಯಲಿಲ್ಲ. ಕಾದಿದ್ದರೆ ಬೇರೂ ಉಳಿಯುತ್ತಿರಲಿಲ್ಲ.

ನಿನ್ನೆ ಕಮಿಟಿಯವರು ಕೂತಾಗ ಗಣಪನ ಮುಂದೆ ನಿಂತು ಎಲ್ಲ ಹೇಳಿದೆ. ಚಕ್ರಪಾಣಿಯವರು "ಅಂದ್ರೆ ಕತ್ತರಿ ಆಡಿಸ್ದೋರು ನೀವು. ಮಂಗ ಆಗಿದ್ದು ನಾವು" ಎಂದರು.

"ಹೌದು ಸ್ವಾಮಿ. ಆ ಮಗು ಮೇಲೆ ತಪ್ಪು ಹೊರಿಸ್ಬೇಡಿ. ಅವಳಿಗೆ ನಾನು ಹೇಳಿರ್ಲಿಲ್ಲ."

"ತಪ್ಪೊಪ್ಕೊಂಡ್ರೆ ಎಲೆ ಚಿಗುರುತ್ತೇನಮ್ಮ?"

"ಬಲೆ ತೆಗೆದ್ರೆ ಚಿಗುರುತ್ತೆ."

ನಮ್ಮ ಅರ್ಚಕರು ಸಂಕರ್ಷಣ ಇದ್ದಾರಲ್ಲ, ಅವರಿಗೆ ನಗು ಬಂದುಬಿಟ್ಟಿತು. ಅದರಿಂದಲೇ ನಾನು ಬದುಕಿದೆ. ಎಲ್ಲರನ್ನೂ ತೋಟಕ್ಕೆ ಕರೆದುಕೊಂಡು ಹೋಗಿ ಎಂಟನೇ ಪಾತಿ ತೋರಿಸಿದೆ. ಚಕ್ರಪಾಣಿಯವರು ಬಗ್ಗಿ, ಬಲೆಯ ಆಚೆಯಿಂದ ಮರುಗದ ಕಡ್ಡಿ ನೋಡಿದರು. ಎದ್ದು ಮಂಡಿ ಒರೆಸಿಕೊಂಡು, "ಬಾವಿ ಕಡೆ ಅರ್ಧ ಬಲೆ ತೆಗೀತೀನಿ. ಅಡುಗೆಮನೆ ಕಡೆ ಅರ್ಧ ಹಂಗೇ ಇರುತ್ತೆ. ಚೌತಿಗೆ ನೋಡೋಣ, ನಿಮ್ಮ ಹಕ್ಕಿ ದೊಡ್ಡದೋ ನನ್ನ ಬಲೆ ದೊಡ್ಡದೋ" ಎಂದರು. ಪಂಥಕ್ಕೆ ಹೇಳಿದ್ದು. ಆದರೆ ನೀನು ಮಾಡಿದ್ದೂ ಇಂಥದೇ ಪಂಥವಲ್ಲವೇ, ಅರ್ಧಕ್ಕೆ ಬಲೆ, ಅರ್ಧಕ್ಕಿಲ್ಲ?

ಎಂಟರ ಒಳಗೆ ನಾಗರಕಲ್ಲಿನ ಬುಡದಲ್ಲಿ ವಿಷ್ಣುಕ್ರಾಂತಿ ತಾನಾಗಿ ಹುಟ್ಟಿದೆ. ಇಡೀ ತೋಟದಲ್ಲಿ ಆ ಬಳ್ಳಿ ಅಲ್ಲಿ ಒಂದೇ ಕಡೆ. ಇಪ್ಪತ್ತೊಂದಕ್ಕೆ ಅದೂ ಬೇಕು. ಗಂಟುಗಳನ್ನು ಕೈಯಲ್ಲೇ ಬಿಚ್ಚಿದರೆ ಕಬ್ಬಿಣ ಬೇಕಿಲ್ಲ, ಎಣಿಸಿದ್ದೇನೆ, ಮೂವತ್ತಾರು ಗಂಟು. ಆದರೂ ಇದೊಂದು ನಿನ್ನನ್ನು ಕೇಳದೆ ಮುಟ್ಟುವುದಿಲ್ಲ.

ಶಿವಕುಮಾರಿ


ಉತ್ತರ ಅಂಡಮಾನ್
30 ಜುಲೈ 2025

ಅಕ್ಕ,

ದೋಣಿ ತಡವಾಗಿರಲಿಲ್ಲ. ನಿಮ್ಮ ಮೇ ತಿಂಗಳ ಕಾಗದ ಜೂನ್ ಮೊದಲ ವಾರವೇ ಬಂತು. ಓದಿ ನಾಲ್ಕು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಐದನೇ ದಿನ ಹಳೆಯ ಲೆಕ್ಕ ತೆಗೆದು ಕೂತೆ. ಆಮೇಲಿನ ಸಿಟ್ಟು ನನ್ನ ಮೇಲೆ, ಅದಕ್ಕೆ ಬರೆಯಲಾಗಲಿಲ್ಲ.

ಎಂಟನ್ನು ನಾನು ತೆಗೆದದ್ದು ತಕ್ಕಡಿಯ ಅನುಮಾನದಿಂದಲ್ಲ, ಮಣ್ಣಿನ ಅನುಮಾನದಿಂದಲೂ ಅಲ್ಲ. ತಕ್ಕಡಿ ಸರಿ ಇದೆ ಎಂದು ನೀವು ಬರೆದ ಮೇಲೂ ತೆಗೆದೆ. ಏಳು ಪಾತಿ ಒಂದೇ ಮಾತು ಹೇಳುತ್ತಿದ್ದವು, ವರದಿಗೆ ಒಂದು ವಾರ ಉಳಿದಿತ್ತು, ಎಂಟು ಅಡ್ಡ ಬರುತ್ತಿತ್ತು. ಬಲೆ ಸರಿ ಇದೆಯಾ ಎಂದು ಒಂದು ಸಾಲು ಕೇಳಿದ್ದರೆ ನೀವು ಹೇಳುತ್ತಿದ್ದಿರಿ. ಕೇಳಲಿಲ್ಲ. ಆ ಹಕ್ಕಿ ಹಾರಿಹೋಯಿತೇ ಎಂದು ಕೇಳಿದೆ, ಉತ್ತರ ಬರದಿದ್ದಾಗ ಹಾರಿಹೋಗಿದೆ ಎಂದುಕೊಂಡೆ.

ವರದಿ ವಾಪಸು ತೆಗೆದುಕೊಂಡಿದ್ದೇನೆ. ಮೇಷ್ಟ್ರಿಗೆ ಎಲ್ಲ ಬರೆದೆ. ಮೊದಲಿಂದ ಮಾಡು, ಆದರೆ ಒಂದೇ ವರ್ಷ ಎಂದಿದ್ದಾರೆ. ಚಕ್ರಪಾಣಿಯವರಿಗೂ ಈ ದೋಣಿಯಲ್ಲೇ ಬೇರೆ ಕಾಗದ ಹಾಕಿದ್ದೇನೆ.

ಹಕ್ಕಿ ಸತ್ತದ್ದು ನನ್ನ ತಪ್ಪು. ಬಲೆಯನ್ನು ಸಡಿಲವಾಗಿ ಕಟ್ಟಿದ್ದೆ. ಬಿಗಿಯಾಗಿ ಎಳೆದು ಕಟ್ಟಿದರೆ ಸಿಕ್ಕಿಕೊಳ್ಳುವುದಿಲ್ಲ, ಕೂತು ಹಾರಿಹೋಗುತ್ತವೆ. ಎಂಟರದನ್ನು ಹಾಗೆ ಎಳೆದು ಕಟ್ಟಿ.

ಈಗ ಕೇಳಬಾರದ್ದನ್ನು ಕೇಳುತ್ತೇನೆ. ಒಂದು ಪಾತಿಯಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಶುರು ಮಾಡಲು ನನಗೆ ಉಳಿದಿರುವುದು ಅದೊಂದೇ. ನಾನು ಅಕ್ಟೋಬರಿನಲ್ಲಿ ಬರುವವರೆಗೆ ಅದರ ಗಂಟು ಬಿಚ್ಚದೆ ಇರಲು ಆಗುತ್ತದೆಯೇ? ವಿಷ್ಣುಕ್ರಾಂತಿ ಇಲ್ಲದೆ ತೋಟ ಹೋಗುವುದಾದರೆ ಬಿಚ್ಚಿಬಿಡಿ. ನಾನು ಒಂದು ಮಾತೂ ಆಡುವುದಿಲ್ಲ.

ವಾಣಿ


ಎನ್.ಆರ್. ಕಾಲೋನಿ
28 ಆಗಸ್ಟ್ 2025

ಮಗಳಂಥ ವಾಣಿಗೆ, ಗಣಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನೆ ಚೌತಿಯಾಯಿತು. ಬೆಳಗ್ಗೆ ನಾಲ್ಕೂವರೆಗೆ ಕೊಯ್ಯಲು ಇಳಿದೆ. ಬಾವಿ ಕಡೆಯ ಅರ್ಧದಲ್ಲಿ ಆರು ವಾರದಲ್ಲಿ ಹೇಗೆ ಚಿಗುರಿದೆ ಎಂದರೆ ನನಗೇ ನಂಬಿಕೆಯಿಲ್ಲ. ಹಕ್ಕಿಗಳು ಬಂದವು, ಜೇಡ ನೂಲು ಹಾಕಿತು, ಕಣಜ ಗೂಡು ಕಟ್ಟಿತು, ಒಂದು ಓತಿಕ್ಯಾತ ಬಾವಿಕಟ್ಟೆಯ ಮೇಲೆ ಯಜಮಾನನ ಹಾಗೆ ಕೂರುತ್ತದೆ. ಮಾಚಿಪತ್ರೆ, ಬಿಲ್ವ, ಗರಿಕೆ, ಉಮ್ಮತ್ತಿ, ಉತ್ತರಾಣಿ, ಎಕ್ಕ, ಮರುಗ, ಜಾಜಿ, ದಾಳಿಂಬೆ, ಗಣಪನಿಗೆ ವರ್ಷಕ್ಕೊಂದೇ ದಿನ ಸಲ್ಲುವ ತುಳಸಿ, ಹೀಗೆ ತಟ್ಟೆ ತಟ್ಟೆ ತುಂಬಿದೆ. ಬಲೆ ಉಳಿದ ಅಡುಗೆಮನೆ ಕಡೆ ನಾಲ್ಕು ಬಗೆಯೂ ಸಿಗಲಿಲ್ಲ, ಸಿಕ್ಕಿದ್ದಕ್ಕೂ ತೂತು.

ಎಣಿಸಿದೆ. ಇಪ್ಪತ್ತು.

ಎಂಟರ ಮುಂದೆ ಕೂತೆ. ಬಳ್ಳಿಯಲ್ಲಿ ಎಲೆ ಇರಲಿಲ್ಲ, ಕಡ್ಡಿ ಮಾತ್ರ. ನಿನ್ನ ಕಾಗದ ಬಂದ ದಿನವೇ ಬಿಚ್ಚಿದ್ದರೆ ಎರಡು ವಾರದಲ್ಲಿ ಪೂಜೆಗಾಗುವಷ್ಟು ಚಿಗುರು ಬಂದಿರುತ್ತಿತ್ತು. ಆ ಎರಡು ವಾರವೂ ದಿನಾ ಸಂಜೆ ಹೋಗಿ ಗಂಟು ಮುಟ್ಟಿ ಬಂದಿದ್ದೇನೆ, ಸುಳ್ಳು ಹೇಳುವುದಿಲ್ಲ. ಬಿಗಿಯಾಗಿ ಎಳೆದು ಕಟ್ಟಿದ್ದೇನೆ. ಮೊನ್ನೆ ಒಂದು ಸೂರಕ್ಕಿ ಬಲೆಯ ಮೇಲೆ ಕೂತು, ಒಳಗಿನ ಹುಳ ನೋಡಿ, ಹಾರಿಹೋಯಿತು. ಸಿಕ್ಕಿಕೊಳ್ಳಲಿಲ್ಲ. ನನ್ನ ಕೈಯಲ್ಲಿ ಕತ್ತರಿ ಇತ್ತು ತಾಯಿ. ಯಾವಾಗ ತಂದೆನೋ ಗೊತ್ತಿಲ್ಲ.

ಪೂಜೆಯಲ್ಲಿ ಸಂಕರ್ಷಣ ಒಂದೊಂದೇ ಹೆಸರು ಹೇಳಿ ಪತ್ರೆ ಏರಿಸಿದರು. ವಿಷ್ಣುಕ್ರಾಂತಿ ಬಂದಾಗ ಕೈ ಚಾಚಿದರು. "ಇಲ್ಲ ಸ್ವಾಮಿ" ಎಂದೆ. ಅವರು ನನ್ನ ಮುಖ ನೋಡಿ, ಅಕ್ಷತೆ ತೆಗೆದು ಆ ಜಾಗಕ್ಕೆ ಹಾಕಿ ಮುಂದಿನ ಹೆಸರು ಹೇಳಿದರು. ಇಲ್ಲದ್ದಕ್ಕೆ ಅಕ್ಷತೆ, ಅದು ಇರುವ ಪದ್ಧತಿಯೇ. ಆದರೆ ಮಾತು ಇಪ್ಪತ್ತೊಂದಕ್ಕೆ ಆಗಿತ್ತು.

ಪ್ರಸಾದ ಆದ ಮೇಲೆ ಚಕ್ರಪಾಣಿಯವರು ಕರೆದರು. "ಒಂದು ಯಾಕಮ್ಮ ಇಲ್ಲ?"

"ಅದು ಎಂಟನೇ ಪಾತೀಲಿದೆ ಸ್ವಾಮಿ. ಬಲೆ ಬಿಚ್ಚಿದ್ರೆ ಬರ್ತಿತ್ತು. ವಾಣಿಗೆ ಬೇಕಂತೆ, ಬಿಚ್ಚಲಿಲ್ಲ."

"ತೋಟ ಹೋದ್ರೂ ಪರವಾಗಿಲ್ವಾ?"

"ಹೋಗ್ಬಾರ್ದು ಸ್ವಾಮಿ. ಆದ್ರೆ ಅವಳಿಗೆ ಒಂದ್ಸಲ ಬಲೆ ವಿಷಯದಲ್ಲಿ ಮೋಸ ಮಾಡಿದೀನಿ."

ಅವರ ಜೇಬಿನಲ್ಲಿ ನಿನ್ನ ಕಾಗದವಿತ್ತು. ತೆಗೆದು ನೋಡಿ ಮತ್ತೆ ಮಡಚಿದರು. "ನಿಮ್ಮಿಬ್ಬರದೂ ಒಂದೇ ರೋಗ" ಎಂದರು. "ಅವಳೂ ಇಲ್ಲಿ ಬರ್ದಿದಾಳೆ, ತಪ್ಪು ನಂದು, ಶಿವಕ್ಕಂದಲ್ಲ ಅಂತ. ಹೋಗಿ, ಊಟಕ್ಕೆ ಹೊತ್ತಾಯ್ತು." ಹತ್ತು ಹೆಜ್ಜೆ ಹೋದವರು ತಿರುಗಿ ನಿಂತು, "ಅಡುಗೆಮನೆ ಕಡೆ ಬಲೆ ನಾಳೆ ತೆಗೆಸ್ತೀನಿ. ಮುಂದಿನ ಚೌತಿಗೆ ಇಪ್ಪತ್ತೊಂದೂ ಬೇಕು, ಅಕ್ಷತೆ ಗಿಕ್ಷತೆ ಆಗಲ್ಲ" ಎಂದರು. ಒಂದು ವರ್ಷ ಸಿಕ್ಕಿತು. ನಿನಗೂ ಒಂದೇ ವರ್ಷ, ನನಗೂ ಒಂದೇ ವರ್ಷ.

ಇವತ್ತು ತೂಗಿದ್ದನ್ನು ಇನ್ನೊಂದು ಪತ್ರಿಕೆಯ ಹಿಂದೆ ಬರೆದಿದ್ದೇನೆ. ಪ್ರತಿ ಪಾತಿಯ ಪಕ್ಕದಲ್ಲಿ ಬಲೆ ಹೇಗಿದೆ, ಎಲ್ಲಿ ಎಷ್ಟು ಗೇಣು ತೂತು ಎಂದು ಬರೆಯಲು ಒಂದು ಸಾಲು ಹೆಚ್ಚು ಎಳೆದಿದ್ದೇನೆ. ಎಂಟು: ನಾನೂರ ಇಪ್ಪತ್ತು, ಬಲೆ ಭದ್ರ.

ಜೊತೆಗೆ ಒಂದು ಪೊಟ್ಟಣ ಇಟ್ಟಿದ್ದೇನೆ. ಅಂಚೆಯವರು ಏನಮ್ಮ ಇದು ಎಂದು ಎರಡು ಸಲವಾದರೂ ಕೇಳುತ್ತಾರೆ. ಕತ್ತರಿ. ಯಜಮಾನರಿಗೆ ಬೇರೆ ತಂದುಕೊಳ್ಳಿ ಎಂದಿದ್ದೇನೆ, ಅಂಗಡಿಯಲ್ಲೇ ಇಟ್ಟುಕೊಳ್ಳುತ್ತಾರಂತೆ. ಇದು ಅಕ್ಟೋಬರಿನವರೆಗೆ ನಿನ್ನ ಹತ್ತಿರವೇ ಇರಲಿ, ಬರುವಾಗ ತಾ. ತುದಿಗೆ ಬಟ್ಟೆ ಸುತ್ತಿದ್ದೇನೆ. ಬಿಚ್ಚುವಾಗ ಕೈ ಜೋಪಾನ.

ನಿನ್ನ ಅಕ್ಕ,
ಶಿವಕುಮಾರಿ